ಪುಟ್ಟ ಬೋರ್ಡಿಗೆ ಪೈಥಾನ್ ಕಟ್ಟುವುದು: ಯಾವ ದಾರಿ ಯಾರಿಗೆ?

ಕೈಯಲ್ಲಿ ರಾಸ್ಪ್‌ಬೆರಿ ಪೈ ಜೀರೋ ಡಬ್ಲ್ಯು ಎಂಬ ಪುಟ್ಟ ಲಿನಕ್ಸ್ ಕಂಪ್ಯೂಟರ್ ಬೋರ್ಡ್ ಇದೆ, ಅದರ ಮೇಲೆ ತಮಗೆ ಬೇಕಾದ ಆವೃತ್ತಿಯ ಪೈಥಾನ್ ಓಡಬೇಕು. ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧದಷ್ಟು ಇದೇ. ಒಬ್ಬರು ಬೋರ್ಡಿನಲ್ಲೇ ಕಂಪೈಲ್ ಮಾಡು (ಮೂಲ ಕೋಡನ್ನು ಯಂತ್ರ ಓಡಿಸುವ ಬೈನರಿಯಾಗಿಸು) ಅನ್ನುತ್ತಾರೆ, ಇನ್ನೊಬ್ಬರು ಲ್ಯಾಪ್‌ಟಾಪಿನಲ್ಲಿ ಕ್ರಾಸ್ ಕಂಪೈಲ್ ಮಾಡು, ಅಂದರೆ ಅಲ್ಲಿ ಕೂತು ಬೋರ್ಡಿಗಾಗಿ ಕಟ್ಟು ಅನ್ನುತ್ತಾರೆ, ಮೂರನೆಯವರು ಇಡೀ ಓಎಸ್ಸನ್ನೇ ಕಟ್ಟುವ ಬಿಲ್ಡ್‌ರೂಟ್ ಕಲಿ ಅನ್ನುತ್ತಾರೆ, ಕಂಪನಿಯಲ್ಲಿ ಕೆಲಸ ಮಾಡುವ ಅಣ್ಣ ಅದೇ ಬಗೆಯ ಇನ್ನೂ ದೊಡ್ಡ ಸಾಧನವಾದ ಯಾಕ್ಟೋ ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ, ಕೇಳಿದವರು ನಡುವೆ ನಿಂತುಬಿಡುತ್ತಾರೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪೈಥಾನ್ ಇಂಟರ್‌ಪ್ರಿಟರ್ (ಪೈಥಾನ್ ಬರಹವನ್ನು ಓದಿ ಓಡಿಸುವ ಪ್ರೋಗ್ರಾಮ್) ಕಟ್ಟುವುದು ಈ ಕೆಲಸದ ಸುಲಭದ ಅರ್ಧ. ನಿಮ್ಮ ಪ್ರೋಗ್ರಾಮ್ ಇಂಪೋರ್ಟ್ ಮಾಡಿಕೊಳ್ಳುವ ಸಿ ಲೈಬ್ರರಿಗಳಿವೆಯಲ್ಲ, ಅವುಗಳ ಸಂಖ್ಯೆಯೇ ದಾರಿಯನ್ನು ತೀರ್ಮಾನಿಸುವುದು. ಇದನ್ನು ನೋಡದೆ ದಾರಿ ಹಿಡಿದವರೆಲ್ಲ ಎರಡನೇ ವಾರಕ್ಕೆ ವಾಪಸ್ ಬಂದಿದ್ದಾರೆ. ನಾನೂ ಬಂದಿದ್ದೇನೆ.

ಬೀಜ ಮೊದಲೋ ಮರ ಮೊದಲೋ

ಸಾಧಾರಣ ಸಿ ಪ್ರೋಗ್ರಾಮಾದರೆ ಕಂಪೈಲರ್ ಬದಲಿಸಿದರೆ ಕೆಲಸ ಹೆಚ್ಚುಕಮ್ಮಿ ಮುಗಿಯಿತು. ಇಂಟರ್‌ಪ್ರಿಟರ್‌ಗಳದು ಬೀಜವೃಕ್ಷ ನ್ಯಾಯ. ಸಿಪೈಥಾನ್ (ಸಿ ಭಾಷೆಯಲ್ಲಿ ಬರೆದ, ನಾವೆಲ್ಲ ಬಳಸುವ ಪೈಥಾನ್) ಕಟ್ಟುವಾಗ ಅರ್ಧದಾರಿಯಲ್ಲಿ ಪೈಥಾನನ್ನೇ ಓಡಿಸಬೇಕಾಗುತ್ತದೆ: ಇಂಪೋರ್ಟ್ ವ್ಯವಸ್ಥೆಯ ಮೂಲ ಮಾಡ್ಯೂಲುಗಳನ್ನು ಬೈಟ್‌ಕೋಡಾಗಿಸಿ ಬೈನರಿಯೊಳಗೆ ಹುದುಗಿಸಲು, ಸ್ಟ್ಯಾಂಡರ್ಡ್ ಲೈಬ್ರರಿಯನ್ನು ಪಿವೈಸಿ ಕಡತಗಳಾಗಿ ಮಾಡಲು. ಬೋರ್ಡಿನ ಆರ್ಮ್ ಪ್ರೊಸೆಸರಿಗಾಗಿ ಲ್ಯಾಪ್‌ಟಾಪಿನಲ್ಲಿ ಹುಟ್ಟಿದ ಪೈಥಾನ್ ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಓಡುವುದಿಲ್ಲ. ಹಾಗಾಗಿ ಮೊದಲು ಲ್ಯಾಪ್‌ಟಾಪಿಗೊಂದು ಪೈಥಾನ್, ಅದರ ಸಹಾಯದಿಂದ ಬೋರ್ಡಿಗೊಂದು ಪೈಥಾನ್.

ಈ ಗಂಟನ್ನು ಒಂದೊಂದು ಭಾಷೆ ಒಂದೊಂದು ರೀತಿ ಬಿಚ್ಚುತ್ತದೆ. ರೂಬಿಯನ್ನು ಕ್ರಾಸ್ ಕಂಪೈಲ್ ಮಾಡಲು ಲ್ಯಾಪ್‌ಟಾಪಿನಲ್ಲಿ ಮೊದಲೇ ಒಂದು ರೂಬಿ ಇರಬೇಕು. ಪರ್ಲ್ ಮೊದಲು ಮಿನಿಪರ್ಲ್ ಎಂಬ ಮರಿಯನ್ನು ಹುಟ್ಟಿಸಿ ಅದರಿಂದ ಉಳಿದದ್ದನ್ನು ಕಟ್ಟಿಸುತ್ತದೆ. ಕಟ್ಟುವ ಮುಂಚೆ ಯಂತ್ರವನ್ನು ಪರೀಕ್ಷಿಸುವ ಅದರ ಕಾನ್ಫಿಗರ್ ಸ್ಕ್ರಿಪ್ಟಂತೂ ಎಸ್‌ಎಸ್‌ಎಚ್ ಮೂಲಕ ಬೋರ್ಡಿಗೆ ಹೋಗಿ ಪರೀಕ್ಷೆ ಓಡಿಸಿ ಬರುವಷ್ಟು ಹಟಮಾರಿ. ಲುವಾ ಭಾಷೆಯ ವೇಗದ ರೂಪವಾದ ಲುವಾಜಿಟ್‌ನದು ಇನ್ನೊಂದು ತರಲೆ. 32 ಬಿಟ್ ಬೋರ್ಡಿಗೆ ಕಟ್ಟುವಾಗ ಲ್ಯಾಪ್‌ಟಾಪಿನ ಕಡೆಯ ಸಹಾಯಕ ಪ್ರೋಗ್ರಾಮುಗಳೂ 32 ಬಿಟ್ ಆಗಿಯೇ ಇರಬೇಕು, ಪಾಯಿಂಟರ್ ಗಾತ್ರ ಹೊಂದಬೇಕಲ್ಲ.

ಅಳೆಯುವ ಕೋಲು

ದಾರಿಗಳನ್ನು ನೋಡುವ ಮುಂಚೆ ಈ ಪ್ರಶ್ನೆಗಳಿಗೆ ಒಂದು ಹಾಳೆಯಲ್ಲಿ ಉತ್ತರ ಬರೆದಿಟ್ಟುಕೊಳ್ಳಿ.

ಬೋರ್ಡಿನ ಪ್ರೊಸೆಸರ್ ಯಾವುದು, ಓಎಸ್‌ನ ಮೂಲ ಸಿ ಲೈಬ್ರರಿ ಯಾವುದು? 2017ರಲ್ಲಿ ಬಂದ ಪೈ ಜೀರೋ ಡಬ್ಲ್ಯುನಲ್ಲಿ ಇರುವುದು ಆರ್ಮ್‌ವಿ6, ಒಂದೇ ಕೋರ್, 1 ಗಿಗಾಹರ್ಟ್ಸ್, 512 ಎಂಬಿ ಮೆಮೊರಿ. 2021ರ ಜೀರೋ 2 ಡಬ್ಲ್ಯು ಅದೇ ಗಾತ್ರ, ಅದೇ ಮೆಮೊರಿ, ಆದರೆ ನಾಲ್ಕು ಕಾರ್ಟೆಕ್ಸ್ ಎ53 ಕೋರುಗಳು. ಕಂಪೈಲ್ ಲೆಕ್ಕದಲ್ಲಿ ಬೇರೆಯೇ ಪ್ರಾಣಿ. ಯಂತ್ರದ ಬಗೆ ತಿಳಿಸುವ ಯುನೇಮ್ ಆದೇಶ ಹೇಳಿದ್ದನ್ನು ಪೂರ್ತಿ ನಂಬಬೇಡಿ. ಪೈಗಳಲ್ಲಿ ಕರ್ನಲ್ 64 ಬಿಟ್, ಮೇಲಿನ ಪ್ರೋಗ್ರಾಮುಗಳೆಲ್ಲ 32 ಬಿಟ್ ಆಗಿರುವುದುಂಟು. ಪ್ಯಾಕೇಜುಗಳನ್ನು ನೋಡಿಕೊಳ್ಳುವ ಡಿಪಿಕೆಜಿಯನ್ನು ಆರ್ಕಿಟೆಕ್ಚರ್ ಕೇಳಿದರೆ ನಿಜ ಹೇಳುತ್ತದೆ. ಎಲ್ಲ ಪ್ರೋಗ್ರಾಮುಗಳೂ ಆತುಕೊಳ್ಳುವ ಆ ಮೂಲ ಸಿ ಲೈಬ್ರರಿ ಜಿಲಿಬ್‌ಸಿಯೋ ಮಸಲ್ಲೋ ಅನ್ನುವುದೂ ಮುಖ್ಯ. ರಾಸ್ಪ್‌ಬೆರಿ ಪೈ ಓಎಸ್‌ನಲ್ಲಿ ಮೊದಲನೆಯದು, ಓಪನ್‌ಡಬ್ಲ್ಯುಆರ್‌ಟಿ ಹಾಕಿದ ರೌಟರುಗಳಲ್ಲಿ ಎರಡನೆಯದು.

ಎಷ್ಟು ಬೋರ್ಡು, ಎಷ್ಟು ಸಲ? ಒಂದು ಬೋರ್ಡಿಗೆ ಒಂದು ಸಲ ಮಾಡುವುದಕ್ಕೂ ನಲವತ್ತು ಬೋರ್ಡಿಗೆ ಮೂರು ತಿಂಗಳಿಗೊಮ್ಮೆ ಮಾಡುವುದಕ್ಕೂ ಅಜಗಜಾಂತರ.

ಹೊರಗಿನ ಸಿ ಲೈಬ್ರರಿಗಳು ಎಷ್ಟು? ನಿಮ್ಮ ಪ್ರೋಗ್ರಾಮಿನ ಇಂಪೋರ್ಟ್ ಸಾಲುಗಳನ್ನೆಲ್ಲ ಒಟ್ಟು ಮಾಡಿ. ಶುದ್ಧ ಪೈಥಾನಿನವು ಲೆಕ್ಕಕ್ಕಿಲ್ಲ. ನೆಟ್ಟಿನ ಸುರಕ್ಷಿತ ಸಂಪರ್ಕದ ಎಸ್‌ಎಸ್‌ಎಲ್ ಮಾಡ್ಯೂಲಿಗೆ ಓಪನ್‌ಎಸ್‌ಎಸ್‌ಎಲ್ ಬೇಕು, ಸಿ ಕೋಡನ್ನು ಕರೆಯುವ ಸೀಟೈಪ್ಸ್‌ಗೆ ಲಿಬ್‌ಎಫ್‌ಎಫ್‌ಐ ಬೇಕು, ಜೊತೆಗೆ ಎಸ್‌ಕ್ಯೂಲೈಟ್, ಜೀಲಿಬ್. ಇವು ಸ್ಟ್ಯಾಂಡರ್ಡ್ ಲೈಬ್ರರಿಯ ಬೆನ್ನಿಗೇ ಬರುವಂಥವು. ಆಮೇಲೆ ಲೆಕ್ಕಕ್ಕೆ ನಂಪೈ, ಚಿತ್ರಗಳಿಗೆ ಪಿಲ್ಲೋ, ಗೂಢಲಿಪಿಗೆ ಕ್ರಿಪ್ಟೋಗ್ರಫಿ.

ಕನ್ನಡಿಗರಿಗೆ ಇಲ್ಲಿ ಒಂದು ಹೆಚ್ಚಿನ ಹೊರೆ ಇದೆ. ಪರದೆಯ ಮೇಲೆ ‘ಇಂದಿನ ಮಳೆ 42 ಮಿ.ಮೀ.’ ಎಂದು ಕನ್ನಡದಲ್ಲೇ ತೋರಿಸಬೇಕೆಂದರೆ ಅಕ್ಷರ ಚಿತ್ರಗಳನ್ನು ಸಾಲಾಗಿ ಇಟ್ಟರೆ ಸಾಲದು. ಒತ್ತಕ್ಷರ ಕೆಳಗಿಳಿಯಬೇಕು, ಗುಣಿತ ಕೂಡಿಕೊಳ್ಳಬೇಕು. ಪಿಲ್ಲೋ ಇದನ್ನು ಸರಿಯಾಗಿ ಮಾಡುವುದು ರಾಕ್ಮ್ ಎಂಬ ಲೈಬ್ರರಿ ಜೊತೆಗಿದ್ದಾಗ ಮಾತ್ರ. ಅದಕ್ಕೆ ಹಾರ್ಫ್‌ಬಜ್ ಬೇಕು, ಫ್ರಿಬಿಡಿ ಬೇಕು, ಇವುಗಳ ಕೆಳಗೆ ಫ್ರೀಟೈಪ್ ಬೇಕು. ಇಂಗ್ಲಿಷ್ ತೋರಿಸುವವನಿಗೆ ಒಂದು ಲೈಬ್ರರಿಯಲ್ಲಿ ಮುಗಿಯುವ ಕೆಲಸ ನಮಗೆ ನಾಲ್ಕು ಲೈಬ್ರರಿಗಳ ಸರಪಳಿ. ರಾಕ್ಮ್ ಇಲ್ಲದಿದ್ದರೂ ಪಿಲ್ಲೋ ದೂರು ಹೇಳುವುದಿಲ್ಲ, ‘ಅಕ್ಕ’ನನ್ನು ಒತ್ತಿಲ್ಲದೆ ಅಡ್ಡಾದಿಡ್ಡಿ ಬಿಡಿಸಿ ಸುಮ್ಮನಾಗುತ್ತದೆ. ಅದರ ಫೀಚರ್ಸ್ ಮಾಡ್ಯೂಲಿನಲ್ಲಿ ರಾಕ್ಮ್ ಇದೆಯೇ ಎಂದು ಕೇಳಿಯೇ ಮುಂದುವರಿಯಿರಿ.

ಕೊನೆಯದು, ಮೂರು ವರ್ಷದ ಮೇಲೆ ಇದನ್ನು ಅಪ್‌ಡೇಟ್ ಮಾಡುವವರು ಯಾರು, ಮತ್ತು ನಿಮ್ಮ ಲ್ಯಾಪ್‌ಟಾಪಿನ ಡಿಸ್ಕು, ಇಂಟರ್‌ನೆಟ್ಟು, ತಾಳ್ಮೆ ಎಷ್ಟಿದೆ.

ಸೊನ್ನೆಯ ದಾರಿ: ಕಟ್ಟದೇ ಇರುವುದು

ಯಾರೂ ಇದನ್ನು ಆಯ್ಕೆ ಎಂದು ಎಣಿಸುವುದಿಲ್ಲ, ನಾನು ಎಣಿಸುತ್ತೇನೆ. ಡೆಬಿಯನ್ 11ರ ಆಧಾರದ ಪೈ ಓಎಸ್‌ನಲ್ಲಿ ಪೈಥಾನ್ 3.9 ಇದೆ, 12ರಲ್ಲಿ 3.11, 13ರಲ್ಲಿ 3.13. ಇವುಗಳಲ್ಲಿ ಒಂದು ಸಾಕಾದರೆ ಅಲ್ಲಿಗೆ ನಿಲ್ಲಿಸಿ. ಕಾರಣ ಸೋಮಾರಿತನ ಅಲ್ಲ, ಪೈವೀಲ್ಸ್. ಆರ್ಮ್ ಪೈಗಳಿಗೆ ಮೊದಲೇ ಕಂಪೈಲ್ ಆದ ನಂಪೈ, ಪಿಲ್ಲೋ ಮುಂತಾದವನ್ನು ಕೊಡುವ ಈ ಭಂಡಾರ, ಪೈ ಓಎಸ್ ಜೊತೆ ಬರುವ ಪೈಥಾನ್ ಆವೃತ್ತಿಗಳಿಗೆ ಮಾತ್ರ ಅವನ್ನು ಕಟ್ಟಿಡುತ್ತದೆ. ನೀವು ಅದರಾಚೆಯ ಆವೃತ್ತಿಯನ್ನು ಕೈಯಾರೆ ಕಟ್ಟಿದ ಕ್ಷಣ ಈ ಸೌಲಭ್ಯ ಕೈಬಿಟ್ಟಿತು, ಇನ್ನು ನಂಪೈಯನ್ನೂ ನೀವೇ ಕಂಪೈಲ್ ಮಾಡಬೇಕು.

ನನ್ನ ಮಳೆಮಾಪಕದ ಕಥೆ ಇದೇ. ಬೋರ್ಡಿನಲ್ಲಿದ್ದದ್ದು 3.9. ನಾನು ಮ್ಯಾಚ್-ಕೇಸ್ ಬಳಸಿ ಬರೆದಿದ್ದೆ, ಅದು ಬಂದದ್ದು 3.10ರಲ್ಲಿ. ಹೊಸ ಪೈಥಾನ್ ಕಟ್ಟಲು ಎರಡು ಶನಿವಾರ, ಎರಡು ಭಾನುವಾರ ಸುರಿದೆ. ಆಮೇಲೆ ಆ ಒಂದು ಮ್ಯಾಚ್ ತುಂಡನ್ನು ಇಫ್-ಎಲಿಫ್ ಆಗಿ ಬದಲಿಸಿದೆ, ಹತ್ತು ನಿಮಿಷ ಹಿಡಿಯಿತು.

ಬೋರ್ಡಿನಲ್ಲೇ ಕಂಪೈಲ್

ಹೊಸ ಆವೃತ್ತಿ ನಿಜಕ್ಕೂ ಬೇಕು, ಬೋರ್ಡು ಒಂದೇ, ಅವಸರ ಇಲ್ಲ ಎಂದಾದರೆ ಇದರಷ್ಟು ನಿರಾತಂಕದ ದಾರಿ ಇಲ್ಲ. ಕಂಪೈಲರ್ ಹೊಂದಾಣಿಕೆ, ಸಿ ಲೈಬ್ರರಿ ಹೊಂದಾಣಿಕೆ ಯಾವ ತಲೆನೋವೂ ಇಲ್ಲ; ಎಲ್ಲ ಅಲ್ಲೇ ಹುಟ್ಟಿ ಅಲ್ಲೇ ಓಡುವುದು. ಕಂಪೈಲ್ ಮಾಡಲು ಬೇಕಾದ ಲೈಬ್ರರಿಗಳ ಡೆವ್ ಪ್ಯಾಕೇಜುಗಳನ್ನು ಓಎಸ್‌ನ ಪ್ಯಾಕೇಜ್ ಸಾಧನ ಎಪಿಟಿಯಿಂದ ತಂದುಕೊಂಡರೆ ಆಯಿತು.

ಬೆಲೆ ತೆರುವುದು ಸಮಯದಲ್ಲಿ. ಹಳೆಯ ಜೀರೋದಲ್ಲಿ ಬೆಳಿಗ್ಗೆ ಹಚ್ಚಿದರೆ ಮಧ್ಯಾಹ್ನದ ಊಟ ಮುಗಿದರೂ ಓಡುತ್ತಲೇ ಇರುತ್ತದೆ. ಆಪ್ಟಿಮೈಸೇಶನ್ ಆಯ್ಕೆ ಹಾಕಿದಿರೋ, ಒಂದು ಸಲ ಕಟ್ಟಿ, ಪರೀಕ್ಷೆಗಳನ್ನು ಓಡಿಸಿ ಯಾವ ಕೋಡು ಹೆಚ್ಚು ಓಡುತ್ತದೆಂಬ ಪ್ರೊಫೈಲ್ ತೆಗೆದು, ಅದರ ಆಧಾರದ ಮೇಲೆ ಮತ್ತೆ ಕಟ್ಟುತ್ತದೆ; ರಾತ್ರಿ ಮಲಗಿ ಏಳಬೇಕು. ಮಲೆನಾಡಿನ ಮಳೆಗಾಲದಲ್ಲಿ ಅಷ್ಟು ಹೊತ್ತು ಕರೆಂಟ್ ಇರುತ್ತದೆಂದು ನಂಬುವುದೇ ದೊಡ್ಡ ಸಾಹಸ, ಹಾಗಾಗಿ ಯುಪಿಎಸ್‌ಗೆ ಸಿಕ್ಕಿಸಿಯೇ ಹಚ್ಚಿ. 512 ಎಂಬಿ ಸಾಲದೆ ಕಂಪೈಲರ್ ಮಧ್ಯದಲ್ಲಿ ‘ಕಿಲ್ಡ್’ ಎಂಬ ಒಂದೇ ಪದ ಹೇಳಿ ಸತ್ತರೆ ತಪ್ಪು ಕೋಡಿನದಲ್ಲ, ಮೆಮೊರಿಯದು. ಸ್ವಾಪ್ (ಕಾರ್ಡಿನಲ್ಲಿ ಮೀಸಲಿಟ್ಟ, ಮೆಮೊರಿಯಂತೆ ಬಳಸುವ ಜಾಗ) ಹೆಚ್ಚಿಸಿ, ಏಕಕಾಲದ ಕೆಲಸಗಳನ್ನು ಒಂದಕ್ಕೆ ಇಳಿಸಿ.

ಒಂದು ಲಾಭವನ್ನು ಹೇಳಲೇಬೇಕು. ಪ್ರೊಫೈಲ್ ಆಧಾರಿತ ಆ ವೇಗವರ್ಧನೆ ಸಿಗುವುದು ಕಟ್ಟಿದ ಬೈನರಿಯನ್ನು ಓಡಿಸಲು ಆದಾಗ ಮಾತ್ರ. ಬರಿಯ ಕ್ರಾಸ್ ಕಂಪೈಲ್‌ನಲ್ಲಿ ಅದು ಇಲ್ಲ. ನಿಧಾನವಾಗಿ ಕಟ್ಟಿದ ಪೈಥಾನ್ ತುಸು ಜೋರಾಗಿ ಓಡುತ್ತದೆ.

ಕ್ಯೂಎಮು: ಲ್ಯಾಪ್‌ಟಾಪಿನಲ್ಲಿ ಬೋರ್ಡಿನ ವೇಷ

ಇದು ನಡುದಾರಿ. ಕ್ಯೂಎಮು ಬೇರೆ ಪ್ರೊಸೆಸರನ್ನು ಅನುಕರಿಸುವ ಪ್ರೋಗ್ರಾಮ್. ಅದರ ಯೂಸರ್ ಮೋಡ್, ಲಿನಕ್ಸ್ ಕರ್ನಲ್ಲಿನ ಬಿನ್‌ಫ್ಮಟ್ ಸೌಲಭ್ಯ ಎರಡೂ ಸೇರಿದರೆ ಆರ್ಮ್ ಬೈನರಿಗಳು ನಿಮ್ಮ ಲ್ಯಾಪ್‌ಟಾಪಿನಲ್ಲಿ ತಮ್ಮದೇ ಮನೆ ಎಂಬಂತೆ ಓಡುತ್ತವೆ. ಕಾನ್ಫಿಗರ್ ಸ್ಕ್ರಿಪ್ಟಿಗೆ ತಾನು ಮೋಸಹೋಗಿದ್ದೇ ಗೊತ್ತಾಗುವುದಿಲ್ಲ. ಒಂದೊಂದು ಕೋರಿನ ಲೆಕ್ಕದಲ್ಲಿ ನಿಧಾನ, ಆದರೆ ಎಂಟು ಕೋರು, 16 ಜಿಬಿ ಮೆಮೊರಿ ಇರುವ ಯಂತ್ರ ಹಳೆಯ ಜೀರೋವನ್ನು ಆರಾಮವಾಗಿ ಹಿಂದಿಕ್ಕುತ್ತದೆ.

ಎಲ್ಲರೂ ಇದನ್ನು ಡಾಕರ್ (ಒಂದು ಓಎಸ್ ಪರಿಸರವನ್ನು ಡಬ್ಬಿಯಂತೆ ಪ್ರತ್ಯೇಕವಾಗಿ ಓಡಿಸುವ ಸಾಧನ) ಮೂಲಕ ಮಾಡುತ್ತಾರೆ. ಡಾಕರ್‌ಗೆ ಲಿನಕ್ಸ್ ಆರ್ಮ್ ವಿ6 ಎಂಬ ಪ್ಲಾಟ್‌ಫಾರ್ಮ್ ಹೇಳಿದರೆ ಆಯಿತು. ತೊಡಕು ಇರುವುದು ಬೇಸ್ ಇಮೇಜಿನಲ್ಲಿ, ಅಂದರೆ ಆ ಡಬ್ಬಿಯೊಳಗಿನ ಮೂಲ ಓಎಸ್‌ನಲ್ಲಿ. ಡೆಬಿಯನ್‌ನ ಅಧಿಕೃತ ಇಮೇಜುಗಳಲ್ಲಿ ವಿ6 ಇಲ್ಲ, ಆಲ್ಪೈನ್‌ನಲ್ಲಿ ಇದೆ, ಆಲ್ಪೈನ್ ಮಸಲ್‌ನದು. ಅಲ್ಲಿ ಕಟ್ಟಿದ್ದನ್ನು ಪೈ ಓಎಸ್‌ಗೆ ತಂದರೆ ಓಡುವುದಿಲ್ಲ. ಹಾಗಾಗಿ ಡಾಕರ್ ಬಿಟ್ಟು ಹಳೆಯ ಪದ್ಧತಿಯನ್ನೇ ನಾನು ಮೆಚ್ಚುತ್ತೇನೆ: ಬೋರ್ಡಿನ ಎಸ್‌ಡಿ ಕಾರ್ಡಿನ ಇಮೇಜನ್ನೇ ಲ್ಯಾಪ್‌ಟಾಪಿನಲ್ಲಿ ಮೌಂಟ್ ಮಾಡಿ ಅದರೊಳಗೆ ಸಿಎಚ್‌ರೂಟ್ ಆಗುವುದು, ಅಂದರೆ ಆ ಇಮೇಜೇ ಯಂತ್ರದ ಓಎಸ್ ಎಂಬಂತೆ ಒಳಹೊಕ್ಕು ಕೆಲಸ ಮಾಡುವುದು. ಅದೇ ಓಎಸ್, ಅದೇ ಲೈಬ್ರರಿಗಳು.

ಒಂದು ಎಚ್ಚರಿಕೆ. ಕ್ಯೂಎಮು ಸುಮ್ಮನೆ ಬಿಟ್ಟರೆ ತನಗೆ ಬರುವ ಎಲ್ಲ ಆರ್ಮ್ ಸೂಚನೆಗಳನ್ನೂ ಒಪ್ಪಿಕೊಳ್ಳುವ ಉದಾರಿ. ಆರ್ಮ್‌ವಿ7ಗೆ ಕಟ್ಟಿದ ಬೈನರಿ ಅಲ್ಲಿ ಚೆನ್ನಾಗಿ ಓಡಿ, ಜೀರೋದ ಮೇಲೆ ಮೊದಲ ಹೆಜ್ಜೆಗೇ ಬೀಳುತ್ತದೆ. ಪರಿಸರ ಚರಾಕ್ಷರದಲ್ಲಿ (ಎನ್ವಿರಾನ್‌ಮೆಂಟ್ ವೇರಿಯಬಲ್) ಸಿಪಿಯು ಆರ್ಮ್1176 ಎಂದು ಕಟ್ಟುನಿಟ್ಟಾಗಿ ಹೇಳಿಟ್ಟರೆ ಆ ಬೀಳುವಿಕೆ ಲ್ಯಾಪ್‌ಟಾಪಿನಲ್ಲೇ ಕಾಣುತ್ತದೆ.

ಐದಾರು ಸಿ ಲೈಬ್ರರಿಗಳಿರುವ ಕೆಲಸಕ್ಕೆ, ಬೇರೆ ಏನನ್ನೂ ಹೊಸದಾಗಿ ಕಲಿಯುವ ಮನಸ್ಸಿಲ್ಲದವರಿಗೆ, ನಾನು ಮೊದಲು ಹೇಳುವುದು ಇದನ್ನೇ.

ಕೈಯಾರೆ ಕ್ರಾಸ್ ಕಂಪೈಲ್

ಈಗ ನಿಜವಾದ ಅಖಾಡ. ವೇಗ ಇದರದ್ದೇ, ಒಳ್ಳೆಯ ಲ್ಯಾಪ್‌ಟಾಪಿನಲ್ಲಿ ಕೆಲವೇ ನಿಮಿಷಗಳಲ್ಲಿ ಪೈಥಾನ್ ಸಿದ್ಧ. ಆ ಕೆಲವು ನಿಮಿಷಕ್ಕೆ ಮುಂಚೆ ಎಷ್ಟು ದಿನ ಹಿಡಿಯುತ್ತದೆ ಅನ್ನುವುದು ಈ ಕೆಳಗಿನ ಹೊಂಡಗಳು ನಿಮಗೆ ಎಷ್ಟು ಗೊತ್ತು ಅನ್ನುವುದರ ಮೇಲೆ ನಿಂತಿದೆ.

ಮೊದಲ ಹೊಂಡ ಕಂಪೈಲರ್. ಡೆಬಿಯನ್, ಉಬುಂಟುಗಳಲ್ಲಿ ಸಿಗುವ ಆರ್ಮ್ ಹಾರ್ಡ್‌ಫ್ಲೋಟ್ (ದಶಮಾಂಶ ಲೆಕ್ಕವನ್ನು ಚಿಪ್ಪಿನಲ್ಲೇ ಮಾಡುವ ಬಗೆ) ಜಿಸಿಸಿ ಕಂಪೈಲರ್ ಆರ್ಮ್‌ವಿ7 ಅನ್ನು ಗುರಿಯಾಗಿಟ್ಟುಕೊಂಡದ್ದು. ಆರ್ಮ್‌ವಿ6ಗೆ ಕಟ್ಟು ಎಂದು ಫ್ಲಾಗ್ ಕೊಟ್ಟರೆ ನಿಮ್ಮ ಕೋಡನ್ನು ಹಾಗೇ ಕಟ್ಟುತ್ತದೆ, ಆದರೆ ಪ್ರೋಗ್ರಾಮಿನ ಆರಂಭಕ್ಕೆ ಅಂಟಿಸುವ ತುಂಡುಗಳು ಮತ್ತು ಕಂಪೈಲರಿನದೇ ಸಹಾಯಕ ಲೈಬ್ರರಿ ಲಿಬ್‌ಜಿಸಿಸಿ ಮೊದಲೇ ವಿ7ಗೆ ಕಟ್ಟಿದವು. ಬೋರ್ಡಿನಲ್ಲಿ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂಬ ಎರಡು ಪದ, ಮುಗಿಯಿತು. ನಾನು ಕಳೆದ ಮೊದಲ ಶನಿವಾರ ಪೂರ್ತಿ ಇದಕ್ಕೇ ಹೋಯಿತು, ಫ್ಲಾಗುಗಳನ್ನೇ ತಿರುಗಿಸಿ ಮುರುಗಿಸಿ ಕೂತಿದ್ದೆ. ರೀಡೆಲ್ಫ್‌ಗೆ ದೊಡ್ಡ ಎ ಆಯ್ಕೆ ಕೊಟ್ಟು ಬೈನರಿಯನ್ನು ತೋರಿಸಿದರೆ ವಿ6ಗೆ ಕಟ್ಟಿದ್ದೋ ವಿ7ಗೋ ಎಂದು ಒಂದೇ ಸಾಲಿನಲ್ಲಿ ಹೇಳಿಬಿಡುತ್ತದೆ, ಅದು ಗೊತ್ತಾದದ್ದು ಸಂಜೆ. ಬೂಟ್‌ಲಿನ್ ಕೊಡುವ ಆರ್ಮ್‌ವಿ6 ಹಾರ್ಡ್‌ಫ್ಲೋಟ್ ಟೂಲ್‌ಚೈನ್ (ಕಂಪೈಲರ್ ಮತ್ತು ಅದರ ಜೊತೆಗಾರ ಸಾಧನಗಳ ಕಟ್ಟು) ಬಳಸಿ, ಇಲ್ಲವೇ ಕ್ರಾಸ್‌ಟೂಲ್-ಎನ್‌ಜಿಯಲ್ಲಿ ನಿಮ್ಮದೇ ಕಟ್ಟಿಕೊಳ್ಳಿ. ಬೋರ್ಡು ಜೀರೋ 2, ಪೈ 3 ಅಥವಾ ಅದರ ಮೇಲಿನದಾದರೆ ಈ ಹೊಂಡವೇ ಇಲ್ಲ.

ಎರಡನೆಯದು ಜಿಲಿಬ್‌ಸಿ ಆವೃತ್ತಿ. ಹೊಸ ಜಿಲಿಬ್‌ಸಿ ಎದುರು ಲಿಂಕ್ ಆದ ಬೈನರಿ ಹಳೆಯದರ ಮೇಲೆ ಓಡುವುದಿಲ್ಲ, ಹಳೆಯದು ಹೊಸದರ ಮೇಲೆ ಓಡುತ್ತದೆ. ಡೆಬಿಯನ್ 11ರಲ್ಲಿ ಇರುವುದು 2.31. ಉಬುಂಟು 22.04ರಲ್ಲಿ 2.35. ನಡುವೆ 2.34ರಲ್ಲಿ ಥ್ರೆಡ್ ಲೈಬ್ರರಿಯನ್ನು ಜಿಲಿಬ್‌ಸಿಯೊಳಗೇ ಸೇರಿಸಿದರು, ಆ ಗೆರೆ ದಾಟಿದ ಪ್ರೋಗ್ರಾಮುಗಳೆಲ್ಲ ಹಳೆಯ ಬೋರ್ಡಿನಲ್ಲಿ ‘ಜಿಲಿಬ್‌ಸಿ 2.34 ಸಿಗಲಿಲ್ಲ’ ಎನ್ನುತ್ತವೆ. ಇದಕ್ಕೆ ಜಿಗ್ ಭಾಷೆಯ ಜೊತೆ ಬರುವ ಸಿ ಕಂಪೈಲರ್ ಒಂದು ಜಾಣ ಉಪಾಯ; ಅದಕ್ಕೆ ಗುರಿಯ ಹೆಸರಿನ ಕೊನೆಯಲ್ಲಿ 2.31 ಎಂದು ಸೇರಿಸಿದರೆ ಆ ಆವೃತ್ತಿಗೆ ತಕ್ಕಂತೆ ಲಿಂಕ್ ಮಾಡಿಕೊಡುತ್ತದೆ.

ಮೂರನೆಯದು ಹೆಸರುಗಳ ಗೊಂದಲ. ಕಾನ್ಫಿಗರ್ ಭಾಷೆಯಲ್ಲಿ ‘ಬಿಲ್ಡ್’ ಅಂದರೆ ಕಟ್ಟುವ ಯಂತ್ರ, ‘ಹೋಸ್ಟ್’ ಅಂದರೆ ಓಡುವ ಯಂತ್ರ. ಹೋಸ್ಟ್ ಅಂದರೆ ನಮ್ಮ ಲ್ಯಾಪ್‌ಟಾಪ್ ಎಂದು ಎಲ್ಲರಿಗೂ ಅನಿಸುತ್ತದೆ. ಅಲ್ಲ, ಅದು ಬೋರ್ಡು.

ಇನ್ನು ಪೈಥಾನಿನದೇ ಬೇಡಿಕೆಗಳು. 3.11ರಿಂದ ಈಚೆಗೆ ವಿತ್-ಬಿಲ್ಡ್-ಪೈಥಾನ್ ಎಂಬ ಆಯ್ಕೆಯಲ್ಲಿ ಲ್ಯಾಪ್‌ಟಾಪಿನ ಪೈಥಾನ್ ಎಲ್ಲಿದೆ ಎಂದು ಹೇಳಲೇಬೇಕು, ಮತ್ತು ಅದು ನೀವು ಕಟ್ಟಲು ಹೊರಟ ಆವೃತ್ತಿಯೇ ಆಗಿರಬೇಕು, 3.12 ಕಟ್ಟಲು 3.12. ಓಡಿಸಿ ನೋಡಲಾಗದ ಪ್ರಶ್ನೆಗಳಿಗೆ ನೀವೇ ಉತ್ತರ ಬರೆದು ಕಾನ್ಫಿಗ್ ಸೈಟ್ ಕಡತದಲ್ಲಿ ಕೊಡಬೇಕು: ಬೋರ್ಡಿನಲ್ಲಿ ಡೆವ್ ಪಿಟಿಎಂಎಕ್ಸ್ ಇದೆಯೇ, ಡೆವ್ ಪಿಟಿಸಿ ಇದೆಯೇ (ಇವೆರಡೂ ಟರ್ಮಿನಲ್‌ಗೆ ಸಂಬಂಧಿಸಿದ ಸಾಧನ ಕಡತಗಳು), ನೆಟ್ಟಿನ ವಿಳಾಸ ಹುಡುಕುವ ಗೆಟ್‌ಅಡ್ರಿನ್ಫೋ ಸರಿಯಾಗಿದೆಯೇ. ಲಿನಕ್ಸ್ ಬೋರ್ಡಿಗೆ ಉತ್ತರ ಇದೆ, ಇಲ್ಲ, ಸರಿಯಾಗಿದೆ. ಕೊನೆಯದಕ್ಕೆ ಉತ್ತರ ಕೊಡದಿದ್ದರೆ ಪೈಥಾನ್ ಅನುಮಾನಪಟ್ಟು ಐಪಿವಿ6 ತೆಗೆದುಹಾಕು ಎಂದು ಹಟ ಹಿಡಿಯುತ್ತದೆ.

ಇಷ್ಟಾದರೆ ಇಂಟರ್‌ಪ್ರಿಟರ್ ಏಳುತ್ತದೆ. ಒಂದಕ್ಕೆ ಎರಡು ಕೂಡಿಸುತ್ತದೆ. ಸಂತೋಷವಾಗುತ್ತದೆ. ಆಮೇಲೆ ಎಸ್‌ಎಸ್‌ಎಲ್ ಇಂಪೋರ್ಟ್ ಮಾಡಿದರೆ ಇಲ್ಲ ಅನ್ನುತ್ತದೆ. ಪೈಥಾನಿನ ಬಿಲ್ಡ್ ಓಪನ್‌ಎಸ್‌ಎಸ್‌ಎಲ್ ಸಿಗದಿದ್ದರೆ ನಿಲ್ಲುವುದಿಲ್ಲ, ಕೊನೆಯಲ್ಲಿ ಈ ಈ ಮಾಡ್ಯೂಲ್ ಕಟ್ಟಲಾಗಲಿಲ್ಲ ಎಂದು ಸಣ್ಣಗೆ ಹೇಳಿ ಮುಗಿಸುತ್ತದೆ. ಆ ಪಟ್ಟಿಯನ್ನು ಓದಿ. ಎಸ್‌ಎಸ್‌ಎಲ್ ಇಲ್ಲದ ಪೈಥಾನಿನಲ್ಲಿ ಮಾಡ್ಯೂಲುಗಳನ್ನು ತಂದು ಹಾಕುವ ಪಿಪ್ ಕೂಡ ನೆಟ್ಟಿನಿಂದ ಏನನ್ನೂ ತರಲಾರದು.

ಹಾಗಾಗಿ ಸಿಸ್‌ರೂಟ್, ಅಂದರೆ ಬೋರ್ಡಿನ ಲೈಬ್ರರಿಗಳ ಒಂದು ನಕಲು ಬೇಕು. ಬೋರ್ಡಿನ ಲಿಬ್, ಯುಎಸ್‌ಆರ್ ಲಿಬ್, ಯುಎಸ್‌ಆರ್ ಇನ್‌ಕ್ಲೂಡ್ ಫೋಲ್ಡರುಗಳನ್ನು ಆರ್‌ಸಿಂಕ್ ಎಂಬ ನಕಲು ಸಾಧನದಿಂದ ಲ್ಯಾಪ್‌ಟಾಪಿಗೆ ತನ್ನಿ. ಬಂದವುಗಳಲ್ಲಿ ಕೆಲವು ಸಿಮ್‌ಲಿಂಕುಗಳು (ಬೇರೆ ಕಡತವನ್ನು ತೋರಿಸುವ ಕೊಂಡಿಗಳು) ಬೇರಿನಿಂದ (ರೂಟ್) ಶುರುವಾಗುವ ಪೂರ್ಣ ವಿಳಾಸ ಹೊತ್ತಿರುತ್ತವೆ. ಲ್ಯಾಪ್‌ಟಾಪಿನಲ್ಲಿ ಅವು ಬೋರ್ಡಿನ ಲೈಬ್ರರಿ ಬಿಟ್ಟು ಲ್ಯಾಪ್‌ಟಾಪಿನದನ್ನೇ ತೋರಿಸಿಬಿಡುತ್ತವೆ. ಸಾಪೇಕ್ಷ ಲಿಂಕುಗಳಾಗಿ ಬದಲಿಸಿ. ಲೈಬ್ರರಿಗಳ ವಿಳಾಸ ಹೇಳುವ ಪಿಕೆಜಿ-ಕಾನ್ಫಿಗ್‌ಗೂ ಸಿಸ್‌ರೂಟ್ ಎಲ್ಲಿದೆ ಎಂದು ಹೇಳಬೇಕು. ಹೇಳದಿದ್ದರೆ ಅದು ಇಂಟೆಲ್‌ನ ಓಪನ್‌ಎಸ್‌ಎಸ್‌ಎಲ್ ವಿಳಾಸವನ್ನು ಪ್ರೀತಿಯಿಂದ ಕೊಡುತ್ತದೆ.

ಸ್ಟ್ಯಾಂಡರ್ಡ್ ಲೈಬ್ರರಿ ಮುಗಿದ ಮೇಲೆ ಪಿಪ್‌ನಿಂದ ಬರುವ ಸಿ ಮಾಡ್ಯೂಲುಗಳು. ಕ್ರಾಸೆನ್ವ್ ಎಂಬ ಸಾಧನ ಇದೆ; ಎರಡೂ ಪೈಥಾನುಗಳನ್ನು ತೋರಿಸಿದರೆ ಪಿಪ್‌ಗೆ ತಾನು ಬೋರ್ಡಿನಲ್ಲಿದ್ದೇನೆ ಎಂಬ ಭ್ರಮೆ ಹುಟ್ಟಿಸುತ್ತದೆ. ಸರಳ ಮಾಡ್ಯೂಲುಗಳಿಗೆ ಚೆನ್ನಾಗಿ ನಡೆಯುತ್ತದೆ. ಮೇಲೆ ಹೇಳಿದ ಪಿಲ್ಲೋ ಸರಪಳಿಯಂಥದ್ದಕ್ಕೆ ಒಂದೊಂದು ಕೊಂಡಿಯನ್ನೂ ನೀವೇ ಬೆಸೆಯಬೇಕು. ಉಲ್ಟಾ ದಿಕ್ಕಿನಲ್ಲೂ ತೊಂದರೆ ಉಂಟು: ಪೈಥಾನ್ ಹೇಗೆ ಕಟ್ಟಿದ್ದೆಂದು ನೆನಪಿಡುವ ಸಿಸ್‌ಕಾನ್ಫಿಗ್‌ನಲ್ಲಿ ಲ್ಯಾಪ್‌ಟಾಪಿನ ಕಂಪೈಲರಿನ ಹೆಸರು ಅಂಟಿಕೊಂಡಿರುತ್ತದೆ, ಮುಂದೊಂದು ದಿನ ಬೋರ್ಡಿನಲ್ಲೇ ಪಿಪ್ ಓಡಿಸಿದರೆ ಅದು ಅಲ್ಲಿ ಇಲ್ಲದ ಆ ಕಂಪೈಲರನ್ನು ಹುಡುಕುತ್ತದೆ.

ಜಾಗ ಕಡಿಮೆ ಇದ್ದರೆ, ಪೂರ್ತಿ ಇನ್‌ಸ್ಟಾಲ್ ನೂರು ಎಂಬಿ ದಾಟುವುದು ಹೌದಾದರೂ ಅದರಲ್ಲಿ ಬಹುಪಾಲು ಟೆಸ್ಟ್ ಫೋಲ್ಡರು, ಸ್ಟ್ಯಾಟಿಕ್ ಲೈಬ್ರರಿ, ಮೂರು ಬಗೆಯ ಪಿವೈಸಿಗಳು. ತೆಗೆದುಹಾಕಿ.

ಸಿ ಲೈಬ್ರರಿ ಎರಡೋ ಮೂರೋ ಇರುವ, ಮತ್ತೆ ಮತ್ತೆ ಕಟ್ಟಬೇಕಾದ ಕೆಲಸಕ್ಕೆ ಇದು ಸರಿ. ಅಥವಾ ಒಳಗೆ ಏನು ನಡೆಯುತ್ತದೆಂದು ತಿಳಿಯುವ ಹುಚ್ಚಿದ್ದರೆ. ನನಗೆ ಇದ್ದದ್ದು ಎರಡನೆಯದು.

ಬಿಲ್ಡ್‌ರೂಟ್

ಇಲ್ಲಿ ಪ್ರಶ್ನೆಯೇ ಬದಲಾಗುತ್ತದೆ. ಇದ್ದ ಓಎಸ್ ಮೇಲೆ ಪೈಥಾನ್ ಸೇರಿಸುವ ಬದಲು ಪೈಥಾನ್ ಸಮೇತ ಇಡೀ ಓಎಸ್ಸನ್ನೇ ಕಟ್ಟುವುದು. ಜೀರೋ ಡಬ್ಲ್ಯುಗೆ ಸಿದ್ಧ ಕಾನ್ಫಿಗ್ ಇದೆ. ಅದನ್ನು ಆರಿಸಿ, ಮೆನುವಿನಲ್ಲಿ ಪೈಥಾನ್ 3, ಅದರಡಿ ಎಸ್‌ಎಸ್‌ಎಲ್, ಎಸ್‌ಕ್ಯೂಲೈಟ್ ಎಂದು ಟಿಕ್ ಹಾಕಿ, ಮೇಕ್ ಆದೇಶ ಕೊಟ್ಟರೆ ಕಾರ್ಡಿಗೆ ಬರೆಯುವ ಇಮೇಜ್ ಕೈಗೆ ಬರುತ್ತದೆ. ಮೊದಲು ಲ್ಯಾಪ್‌ಟಾಪಿನ ಪೈಥಾನ್, ಆಮೇಲೆ ಬೋರ್ಡಿನದು ಎಂಬ ಆ ಬೀಜವೃಕ್ಷದ ಲೆಕ್ಕವನ್ನೆಲ್ಲ ಅದೇ ನೋಡಿಕೊಳ್ಳುತ್ತದೆ. ನಾನು ಮೇಲೆ ಪಟ್ಟಿ ಮಾಡಿದ ಹೊಂಡಗಳನ್ನು ಬೇರೆಯವರು ವರ್ಷಾನುಗಟ್ಟಲೆ ಬಿದ್ದು ಎದ್ದು ಮುಚ್ಚಿದ್ದಾರೆ.

ಮೆನುವಿನಲ್ಲಿ ಇಲ್ಲದ ಮಾಡ್ಯೂಲಿಗೆ ಸ್ಕ್ಯಾನ್‌ಪೈಪಿಐ ಎಂಬ ಸ್ಕ್ರಿಪ್ಟ್ ಇದೆ, ಪೈಥಾನ್ ಮಾಡ್ಯೂಲುಗಳ ಸಾರ್ವಜನಿಕ ಭಂಡಾರ ಪೈಪಿಐಯ ಮಾಹಿತಿ ಓದಿ ಪ್ಯಾಕೇಜಿನ ಕರಡು ಬರೆದುಕೊಡುತ್ತದೆ. ಪಿವೈಸಿ ಮಾತ್ರ ಇಟ್ಟುಕೊಂಡು ಮೂಲ ಕಡತ ಬಿಡುವ ಆಯ್ಕೆಯೂ ಇದೆ, ಜಾಗ ಉಳಿಯುತ್ತದೆ.

ಬಿಟ್ಟುಕೊಡಬೇಕಾದದ್ದು: ಬೋರ್ಡಿನಲ್ಲಿ ಎಪಿಟಿ ಇರುವುದಿಲ್ಲ, ಕಂಪೈಲರ್ ಇರುವುದಿಲ್ಲ. ಒಂದು ಸಣ್ಣ ಲೈಬ್ರರಿ ಬೇಕೆಂದರೂ ಲ್ಯಾಪ್‌ಟಾಪಿಗೆ ಮರಳಿ ಇಮೇಜ್ ಕಟ್ಟಿ ಬರೆಯಬೇಕು. ಮೆನುವಿನಲ್ಲಿ ಟಿಕ್ ತೆಗೆದರೆ ಪ್ಯಾಕೇಜ್ ಇಮೇಜಿನಿಂದ ಹೋಗುವುದಿಲ್ಲ, ಕ್ಲೀನ್ ಮಾಡಿ ಮೊದಲಿನಿಂದ ಕಟ್ಟಬೇಕು. ಹೊಸಬರೆಲ್ಲ ಇಲ್ಲಿ ಒಮ್ಮೆ ಕೂದಲು ಕಿತ್ತುಕೊಳ್ಳುತ್ತಾರೆ. ಡಿಸ್ಕಿನಲ್ಲಿ ಹದಿನೈದಿಪ್ಪತ್ತು ಜಿಬಿ ಬಿಟ್ಟುಕೊಟ್ಟರೆ ಸಾಕು, ಮೊದಲ ಸಲ ಮೂಲಗಳನ್ನೆಲ್ಲ ಇಳಿಸಿಕೊಳ್ಳುವಾಗ ಇಂಟರ್‌ನೆಟ್ ಚೆನ್ನಾಗಿರಬೇಕು. ವರ್ಷಕ್ಕೆ ನಾಲ್ಕು ಬಿಡುಗಡೆ. ಫೆಬ್ರವರಿಯದು ದೀರ್ಘ ಬೆಂಬಲದ್ದು, ಅದನ್ನೇ ಹಿಡಿಯಿರಿ.

ಒಂದೇ ಕೆಲಸ ಮಾಡುವ, ಹತ್ತರಿಂದ ನೂರರವರೆಗಿನ ಬೋರ್ಡುಗಳಿಗೆ ನನ್ನ ಮತ ಇದಕ್ಕೇ.

ಯಾಕ್ಟೋ

ಲಿನಕ್ಸ್ ಫೌಂಡೇಶನ್ ಅಡಿಯಲ್ಲಿ 2010ರಿಂದ ನಡೆದು ಬಂದ ದೊಡ್ಡ ಯಂತ್ರ. ಬಿಟ್‌ಬೇಕ್, ರೆಸಿಪಿ, ಲೇಯರ್ ಎಂಬ ಹೊಸ ಶಬ್ದಕೋಶವನ್ನೇ ಕಲಿಯಬೇಕು. ಅಧಿಕೃತ ಕೈಪಿಡಿಯೇ 90 ಜಿಬಿ ಖಾಲಿ ಜಾಗ ಕೇಳುತ್ತಿತ್ತು, ಹೊಸ ಆವೃತ್ತಿಗಳಲ್ಲಿ 140ಕ್ಕೆ ಏರಿದೆ. 256 ಜಿಬಿ ಎಸ್‌ಎಸ್‌ಡಿಯ ಕಾಲೇಜು ಲ್ಯಾಪ್‌ಟಾಪಿಗೆ ಇದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ.

ಪ್ರತಿಫಲವೂ ಅದಕ್ಕೆ ತಕ್ಕದ್ದೇ. ಕಟ್ಟಿದ ತುಂಡುಗಳನ್ನು ಎಸ್‌ಸ್ಟೇಟ್ ಕ್ಯಾಷ್‌ನಲ್ಲಿ ಇಟ್ಟು ತಂಡದವರೆಲ್ಲ ಹಂಚಿಕೊಳ್ಳಬಹುದು, ಬೋರ್ಡಿನಲ್ಲಿ ಪ್ಯಾಕೇಜ್ ಮ್ಯಾನೇಜರ್ ಇಡಬಹುದು, ಮೂರು ಬಗೆಯ ಬೋರ್ಡುಗಳನ್ನು ಒಂದೇ ಮೂಲದಿಂದ ನಿಭಾಯಿಸಬಹುದು, ಕ್ಯೂಎಮು ನೆರವಿನಿಂದ ಪೈಥಾನಿಗೆ ಪ್ರೊಫೈಲ್ ಆಧಾರಿತ ವೇಗವನ್ನೂ ಕೊಡಿಸಬಹುದು. ಪೈಥಾನನ್ನು ಅದು ಹತ್ತಾರು ಚೂರು ಮಾಡಿ ಹಂಚುತ್ತದೆ: ಕೋರ್ ಒಂದು ಪ್ಯಾಕೇಜ್, ಜೆಸಾನ್ ಒಂದು, ಎಸ್‌ಕ್ಯೂಲೈಟ್ ಒಂದು. ಜಾಗಕ್ಕೆ ಒಳ್ಳೆಯದು, ಆದರೆ ಜೆಸಾನ್ ಪೈಥಾನಿನಲ್ಲೇ ಇರುತ್ತದಲ್ಲ ಎಂದುಕೊಂಡವನಿಗೆ ಬೋರ್ಡಿನಲ್ಲಿ ಇಂಪೋರ್ಟ್ ಎರರ್ ಕಾದಿರುತ್ತದೆ.

ಸಂಬಳ ಕೊಡುವ ಕೆಲಸವಾದರೆ ಕಲಿಯಿರಿ. ಬೆಂಗಳೂರಿನಲ್ಲಿ ಎಂಬೆಡೆಡ್ ಲಿನಕ್ಸ್ ಕೆಲಸ ಹುಡುಕುವವರಿಗೆ ಯಾಕ್ಟೋ ಎಂಬ ಪದ ರೆಸ್ಯೂಮೆಯಲ್ಲಿರುವುದು ಲಾಭ. ಮನೆಯ ಒಂದು ಬೋರ್ಡಿಗೆ ಬೇಡ.

ಇಂಟರ್‌ಪ್ರಿಟರನ್ನೇ ಬದಲಿಸಿದರೆ?

ಪೈಥಾನೇ ಬೇಕೆಂಬ ಹಟ ಬಿಟ್ಟರೆ ಮೇಲಿನ ಗೋಳು ಮುಕ್ಕಾಲು ಪಾಲು ಕರಗುತ್ತದೆ. ಬ್ರೆಜಿಲ್‌ನ ರಿಯೋದಲ್ಲಿ 1993ರಲ್ಲಿ ಹುಟ್ಟಿದ ಲುವಾ ಸುಮಾರು 30 ಸಾವಿರ ಸಾಲುಗಳ ಸಿ ಕೋಡು. ಕಾನ್ಫಿಗರ್ ಸ್ಕ್ರಿಪ್ಟೇ ಇಲ್ಲ. ಮೇಕ್‌ಗೆ ಬೇರೆ ಕಂಪೈಲರಿನ ಹೆಸರು ಕೊಟ್ಟರೆ ಬೋರ್ಡಿನ ಲುವಾ ಸಿದ್ಧ, ಬೈನರಿ ಕೆಲವು ನೂರು ಕೆಬಿ. 16 ಎಂಬಿ ಫ್ಲ್ಯಾಷ್ ಇರುವ ರೌಟರಿಗೆ ಇದಕ್ಕಿಂತ ಒಪ್ಪುವ ಭಾಷೆ ಇಲ್ಲ. ಕನ್ನಡ ಪಠ್ಯ ಇದ್ದರೆ ಮಾತ್ರ ಹುಷಾರು: ಲುವಾಗೆ ಸ್ಟ್ರಿಂಗ್ ಅಂದರೆ ಬೈಟುಗಳು. ‘ಮಳೆ’ ಎಂಬ ಪದದ ಉದ್ದ ಕೇಳಿದರೆ ಪೈಥಾನ್ ಮೂರು ಎನ್ನುತ್ತದೆ, ಲುವಾ ಒಂಬತ್ತು ಎನ್ನುತ್ತದೆ. 5.3ರಿಂದ ಇರುವ ಯುಟಿಎಫ್8 ಲೈಬ್ರರಿಯನ್ನು ಕೇಳಿದರೆ ಅದೂ 3. ನಮ್ಮ ಅಜ್ಜಿಯನ್ನು ಕೇಳಿದರೆ ಎರಡೇ ಅಕ್ಷರ.

ಜಾವಾಸ್ಕ್ರಿಪ್ಟ್ ಪ್ರಿಯರಿಗೆ 2019ರಲ್ಲಿ ಬಂದ ಕ್ವಿಕ್‌ಜೆಎಸ್ ಇದೆ. ಬರೆದವರು ಫಾಬ್ರಿಸ್ ಬೆಲ್ಲಾರ್ಡ್, ಮೇಲೆ ಹೇಳಿದ ಕ್ಯೂಎಮುವನ್ನು ಶುರುಮಾಡಿದವರೂ ಅವರೇ. ಅಲ್ಲೂ ಲ್ಯಾಪ್‌ಟಾಪಿಗೊಂದು ಮರಿ ಕಂಪೈಲರ್ ಮೊದಲು ಕಟ್ಟಬೇಕು, ಮೇಕ್‌ಫೈಲ್ ತಾನೇ ಮಾಡಿಕೊಳ್ಳುತ್ತದೆ.

ಪೈಥಾನ್ ಬರಹವೇ ಬೇಕು, ಲಿನಕ್ಸ್ ಬೇಡ ಎಂದರೆ ಮೈಕ್ರೋಪೈಥಾನ್. 256 ಕೆಬಿ ಕೋಡ್ ಜಾಗ, 16 ಕೆಬಿ ಮೆಮೊರಿ ಇದ್ದರೆ ಓಡುತ್ತದೆ. ಪೈ ಪಿಕೋ ಎಂಬ ಇನ್ನೂ ಚಿಕ್ಕ ಬೋರ್ಡಿನ ಚಿಪ್ಪಿನಲ್ಲಿ ಇರುವುದೇ 264 ಕೆಬಿ ಮೆಮೊರಿ. ಬಹುತೇಕರು ಏನನ್ನೂ ಕಂಪೈಲ್ ಮಾಡಬೇಕಿಲ್ಲ, ಸಿದ್ಧ ಫರ್ಮ್‌ವೇರ್ ಹಾಕಿದರೆ ಆಯಿತು. ನಂಪೈ, ಪಿಲ್ಲೋ ಇಲ್ಲಿ ಇಲ್ಲ. ಅದರ ಫ್ರೇಮ್‌ಬಫ್‌ನ ಅಕ್ಷರಗಳು 8×8ರ ಆಸ್ಕಿ ಮಾತ್ರ. ಸಣ್ಣ ಓಲೆಡ್ ಪರದೆಯಲ್ಲಿ ಕನ್ನಡ ಬೇಕಾದರೆ ಬೇಕಾದ ಪದಗಳನ್ನು ಲ್ಯಾಪ್‌ಟಾಪಿನಲ್ಲಿ ಚಿತ್ರವಾಗಿ ಮಾಡಿ ಬೋರ್ಡಿಗೆ ಹಾಕಬೇಕು. ಹತ್ತಿಪ್ಪತ್ತು ಪದ, ಹತ್ತು ಅಂಕಿಗಳಾದರೆ ಅದೇನು ದೊಡ್ಡ ಕೆಲಸವಲ್ಲ. ಬ್ಯಾಟರಿಯ ಮೇಲೆ ತಿಂಗಳುಗಟ್ಟಲೆ ನಿಲ್ಲಬೇಕಾದ ಉಪಕರಣಕ್ಕೆ ಲಿನಕ್ಸ್ ಬೋರ್ಡು ಹೇಗೂ ಸರಿಯಲ್ಲ.

ಈಗ ನಿಮ್ಮ ಹಾಳೆ ತೆಗೆಯಿರಿ

ಒಂದು ಜೀರೋ, ಸೆನ್ಸರ್ ಓದಿ ನೆಟ್ಟಿಗೆ ಕಳಿಸುವ ಕೆಲಸ, ಓಎಸ್‌ನ ಪೈಥಾನ್ ಸಾಕು: ಎಪಿಟಿ, ಪೈವೀಲ್ಸ್, ಅಷ್ಟೇ. ಅದೇ ಬೋರ್ಡು, ಹೊಸ ಆವೃತ್ತಿ ಬೇಕೇ ಬೇಕು, ಸಿ ಲೈಬ್ರರಿ ಕಡಿಮೆ: ರಾತ್ರಿ ಬೋರ್ಡಿನಲ್ಲೇ ಹಚ್ಚಿ ಮಲಗಿ. ಕನ್ನಡದ ಪರದೆ, ನಂಪೈ, ಇನ್ನೂ ನಾಲ್ಕು: ಎಸ್‌ಡಿ ಕಾರ್ಡ್ ಇಮೇಜಿನೊಳಗೆ ಕ್ಯೂಎಮು. ಎರಡು ಡಜನ್ ಶಾಲೆಗಳಿಗೆ ಒಂದೇ ಬಗೆಯ ಹವಾಮಾನ ಪೆಟ್ಟಿಗೆ ಹಂಚುವ ಯೋಜನೆ: ಬಿಲ್ಡ್‌ರೂಟ್, ಮತ್ತು ಅದರ ಕಾನ್ಫಿಗ್ ಕಡತವನ್ನು ಇಬ್ಬರ ಬಳಿಯಾದರೂ ಇಡಿ. ಕಂಪನಿಯ ಉತ್ಪನ್ನ, ಹಲವು ಬಗೆಯ ಬೋರ್ಡು, ಐದು ವರ್ಷದ ಬೆಂಬಲ: ಯಾಕ್ಟೋ. ರೌಟರ್: ಲುವಾ, ಅಥವಾ ಜಾಗ ಇದ್ದರೆ ಓಪನ್‌ಡಬ್ಲ್ಯುಆರ್‌ಟಿಯದೇ ಸಿದ್ಧ ಪೈಥಾನ್ ಲೈಟ್ ಪ್ಯಾಕೇಜು.

ಇವೆಲ್ಲಕ್ಕೂ ಮೊದಲು, ಇನ್ನೂ ಬೋರ್ಡ್ ಕೊಂಡಿಲ್ಲದವರಿಗೆ ಒಂದು ಮಾತು. ಹಳೆಯ ಜೀರೋ ಬದಲು ಜೀರೋ 2 ಕೊಂಡರೆ ಆರ್ಮ್‌ವಿ6ರ ಕಾಟ ತಪ್ಪುತ್ತದೆ, ಬೋರ್ಡಿನಲ್ಲೇ ಕಟ್ಟುವ ಹೊತ್ತೂ ಬಹಳ ಇಳಿಯುತ್ತದೆ, ಡೆಬಿಯನ್‌ನ ಕಂಪೈಲರ್ ಮಾರ್ಪಾಡಿಲ್ಲದೆ ಹೊಂದುತ್ತದೆ. ಎರಡರ ನಡುವಿನ ಬೆಲೆ ವ್ಯತ್ಯಾಸಕ್ಕೆ ನನ್ನ ಆ ಮೊದಲ ಶನಿವಾರ ಬಲು ದುಬಾರಿ.